ಗುಡ್ಡ ಹತ್ತೋ ಸೈಕಲ್ಲು ನಿಮ್ಮ ಅಳತೆಗಿದೆಯಾ?

ಸೈಕಲ್ ಬೇಕಾಗಿರೋದು ನಿಮಗೆ. ದುಡ್ಡೂ ನಿಮ್ಮದೇ. ಚೀಟಿ ಎತ್ತಿದ್ದೋ, ಸಂಬಳದಲ್ಲಿ ಉಳಿಸಿದ್ದೋ, ಅಂತೂ ನಿಮ್ಮದು. ಆದರೆ ಅಂಗಡಿಯವರು ಮಾತಾಡ್ತಿರೋದು ಮಾತ್ರ ನಿಮ್ಮ ಪಕ್ಕ ನಿಂತ ಯಜಮಾನರ ಹತ್ತಿರ. “ಸರ್, 21 ಗೇರು, ಎರಡೂ ಕಡೆ ಡಿಸ್ಕು, ಮುಂದೆ ಸಸ್ಪೆನ್ಷನ್ನು. ಮೇಡಂಗೆ ಇದೇ ಬೆಸ್ಟು ನೋಡಿ.” ಅವರು ತಲೆಯಾಡಿಸುತ್ತಾರೆ. ಜೊತೆಗೆ ಬಂದ ಮಗ ಗೇರು ಕಟಕಟ ಅನ್ನಿಸಿ ನೋಡುತ್ತಾನೆ. ಕೊನೆಗೆ ನಿಮ್ಮ ಪಾಲಿಗೆ ಉಳಿಯೋದು ಬಣ್ಣ ಆರಿಸೋ ಕೆಲಸ!

ಮುಂದಿನ ಕಥೆ ನಿಮಗೇ ಗೊತ್ತು. ಮೊದಲ ವಾರ ಉತ್ಸಾಹ. ಮೂರನೇ ವಾರ ಅಂಗೈ ಜೋಮು, ಮಂಡಿ ನೋವು. “ವಯಸ್ಸಾಯ್ತು ಬಿಡು, ಇದೆಲ್ಲ ನಮಗಲ್ಲ” ಅಂತ ನೀವೇ ನಿಮಗೆ ಸಮಾಧಾನ ಹೇಳಿಕೊಳ್ಳುತ್ತೀರಿ. ಮೂರನೇ ತಿಂಗಳಿಗೆ ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲ್ಲು, ಸೀಟಿನ ಮೇಲೆ ಕಾಲೊರಸು. ತಪ್ಪು ನಿಮ್ಮ ವಯಸ್ಸಿನದ್ದಲ್ಲ, ಮಂಡಿಯದ್ದೂ ಅಲ್ಲ. ಬಹಳ ಸಲ ತಪ್ಪು ಇರೋದು ಸೈಕಲ್ಲಿನ ಅಳತೆಯಲ್ಲಿ. ಬೇರೆಯವರ ಅಳತೆಗೆ ಹೊಲಿದ ರವಿಕೆ ಎಷ್ಟೇ ದುಬಾರಿ ಬಟ್ಟೆಯದ್ದಾದರೂ ನಮಗೆ ಕೂರುತ್ತದೆಯೇ?

ಈಗ ಅಂಗಡಿಗಳಲ್ಲಿ ‘ಎಂಟಿಬಿ’ ಅಂತ ಸಾಲಾಗಿ ನಿಲ್ಲಿಸಿರುವ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಹೆಚ್ಚಿನವು ಹಾರ್ಡ್‌ಟೇಲ್ ಜಾತಿಯವು. ಹೆಸರು ಕೇಳಿ ಗಾಬರಿ ಬೇಡ. ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇದ್ದು, ಹಿಂಬದಿ ಗಟ್ಟಿಯಾಗಿದ್ದರೆ ಅದು ಹಾರ್ಡ್‌ಟೇಲ್. ಹಿಂದೆಯೂ ಸ್ಪ್ರಿಂಗ್ ಇದ್ದರೆ ಫುಲ್ ಸಸ್ಪೆನ್ಷನ್. ಕಡಿಮೆ ಬೆಲೆಯ ಫುಲ್ ಸಸ್ಪೆನ್ಷನ್ ಸೈಕಲ್ಲಿನ ಆಸೆಯನ್ನು ಇಲ್ಲೇ ಬಿಟ್ಟುಬಿಡಿ. ನೀವು ಪೆಡಲ್ ತುಳಿದ ಶಕ್ತಿಯಲ್ಲಿ ಒಂದಷ್ಟು ಆ ಹಿಂದಿನ ಸ್ಪ್ರಿಂಗು ಕುಣಿಯೋದಕ್ಕೇ ಹೋಗುತ್ತದೆ, ತೂಕವೂ ವಿಪರೀತ. ಮೊದಲ ಸೈಕಲ್ಲಿಗೆ ಹಾರ್ಡ್‌ಟೇಲ್ ಸಾಕು. ಅದೂ ಬೇಕಾ ಅನ್ನೋದನ್ನ ಮೊದಲು ನೋಡೋಣ.

ಎಲ್ಲಿ ಓಡಿಸ್ತೀರಿ?

ಅಂಗಡಿಗೆ ಹೋಗುವ ಮುಂಚೆ ಒಂದು ಭಾನುವಾರ ಕೂತು, ಬರೋ ಆರು ತಿಂಗಳಲ್ಲಿ ನೀವು ನಿಜವಾಗಿ ಸೈಕಲ್ ಓಡಿಸುವ ದಾರಿಗಳನ್ನ ಬರೆದುಕೊಳ್ಳಿ. ಕನಸಿನ ದಾರಿಗಳನ್ನಲ್ಲ, ನಿಜವಾದ್ದನ್ನ. ಪಾರ್ಕು, ತರಕಾರಿ ಮಾರ್ಕೆಟ್ಟು, ಮಗಳ ಟ್ಯೂಷನ್ನು, ರಿಂಗ್ ರಸ್ತೆ... ಎಲ್ಲವೂ ಡಾಂಬರಾಗಿದ್ದರೆ ನಿಮಗೆ ಹಾರ್ಡ್‌ಟೇಲ್ ಬೇಕಿಲ್ಲ. ‘ಹೈಬ್ರಿಡ್’ ಅಂತ ಸಿಗುತ್ತದೆ, ಸಸ್ಪೆನ್ಷನ್ ಇಲ್ಲದ, ಸ್ವಲ್ಪ ಸಣ್ಣ ಟಯರಿನದ್ದು. ಅದೇ ದುಡ್ಡಿಗೆ ಹಗುರ, ಅದೇ ಶ್ರಮಕ್ಕೆ ಹೆಚ್ಚು ದೂರ.

ಬೆಂಗಳೂರಿನವರು ಹೆಚ್ಚಾಗಿ ಹೇಳೋದು, “ನಂದಿ ಬೆಟ್ಟ ಹತ್ತಬೇಕು, ಅದಕ್ಕೇ ಮೌಂಟನ್ ಬೈಕ್” ಅಂತ. 1,478 ಮೀಟರ್ ಎತ್ತರದ ಆ ಬೆಟ್ಟದ ತುದಿವರೆಗೂ ಇರೋದು ಡಾಂಬರು ರಸ್ತೆಯೇ! ಮೈಸೂರಿನ ಚಾಮುಂಡಿ ಬೆಟ್ಟವೂ ಅಷ್ಟೇ. ಏರು ಇರುವ ಕಡೆ ಬೇಕಾಗೋದು ಹಗುರವಾದ ಗೇರು, ದಪ್ಪ ಟಯರಲ್ಲ. ಬೆಟ್ಟ ಅಂದ ಕೂಡಲೇ ಮೌಂಟನ್ ಬೈಕ್ ಅಂದುಕೊಳ್ಳೋದು ಹೆಸರು ಮಾಡಿದ ಮೋಸ.

ಹಾಗಾದರೆ ಹಾರ್ಡ್‌ಟೇಲ್ ಯಾರಿಗೆ? ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ರಸ್ತೆಗಳಲ್ಲಿ ಓಡಾಡುವವರಿಗೆ. ಊರಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು, ಜಲ್ಲಿ ಹಾಕಿ ಬಿಟ್ಟ ರಸ್ತೆಯಲ್ಲೇ ವರ್ಷಗಟ್ಟಲೆ ಓಡಾಡಬೇಕಾದವರಿಗೆ. ಕೆರೆ ಏರಿ, ಗಾಡಿ ದಾರಿ, ಹೊಲದ ಬದಿ ಇಷ್ಟವಾಗುವವರಿಗೆ. ಅಲ್ಲಿ ಹೈಬ್ರಿಡ್ಡಿನ ಟಯರು ಜಾರುತ್ತದೆ, ಮನಸ್ಸಿಗೆ ಧೈರ್ಯ ಬರೋದಿಲ್ಲ. 2 ಇಂಚಿಗಿಂತ ಅಗಲದ ಟಯರಿದ್ದರೆ ಮರಳು, ಜಲ್ಲಿ, ಬೇರು ಎಲ್ಲದರ ಮೇಲೂ ಹಿಡಿತ ಸಿಗುತ್ತದೆ. (ಕಾಡಿನೊಳಗೆ ಹೋಗುವ ಆಸೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಸೈಕಲ್ಲಿಗೆ ಲೈಸೆನ್ಸ್ ಬೇಡದಿರಬಹುದು, ಕಾಡಿಗೆ ಅನುಮತಿ ಬೇಕು.)

ಅಂದಹಾಗೆ ಈ ಸೈಕಲ್ಲು ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಅನ್ನೋ ಕಡೆ ಒಂದಷ್ಟು ಪಡ್ಡೆ ಹುಡುಗರು 1970ರ ದಶಕದಲ್ಲಿ ಹಳೇ ಸೈಕಲ್ಲುಗಳಿಗೆ ದಪ್ಪ ಟಯರು ಹಾಕಿಕೊಂಡು ಗುಡ್ಡದಿಂದ ಧುಮುಕುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಇಳಿಜಾರಿನ ರೇಸಿಗೆ ‘ರೀಪ್ಯಾಕ್’ ಅಂತ ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನೊಳಗಿನ ಗ್ರೀಸೆಲ್ಲ ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತಂತೆ, ಅದಕ್ಕೇ ಆ ಹೆಸರು. ಹೆಚ್ಚಾಗಿ ಗಂಡಸರ ಆಟವಾಗಿದ್ದ ಇದಕ್ಕೆ ಹೆಂಗಸರನ್ನ ಕರೆತರಲು ಜ್ಯಾಕಿ ಫೇಲನ್ ಎಂಬ ರೇಸ್ ಗಾರ್ತಿ 1987ರಲ್ಲಿ ಒಂದು ಸಂಘ ಕಟ್ಟಿದರು. ಹೆಸರೇನು ಗೊತ್ತೇ? ‘ಮಹಿಳೆಯರ ಮೌಂಟನ್ ಬೈಕ್ ಮತ್ತು ಟೀ ಸೊಸೈಟಿ’! ಗುಡ್ಡ ಸುತ್ತೋದು, ಚಹಾ ಕುಡಿಯೋದು. ನಮ್ಮ ಸಂಘಗಳಿಗೂ ಇಂಥದ್ದೊಂದು ಯೋಚನೆ ಬಂದರೆ ಚೆನ್ನಾಗಿರುತ್ತಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಮೊದಲ ಸಲ ಸೇರಿದಾಗ ಮಹಿಳೆಯರ ಸ್ಪರ್ಧೆಯೂ ಜೊತೆಯಲ್ಲೇ ಇತ್ತು. ಆದ್ದರಿಂದ ಅಂಗಡಿಯಲ್ಲಿ ಯಾರಾದರೂ “ಇದು ಜೆಂಟ್ಸ್ ಸೈಕಲ್ ಮೇಡಂ, ನಿಮಗೆ ಮುಂದೆ ಬುಟ್ಟಿ ಇರೋದು ತೋರಿಸ್ಲಾ?” ಅಂದರೆ ನಕ್ಕು ಸುಮ್ಮನಾಗಿ.

ಅಳತೆ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ. ಚಕ್ರದ ಅಳತೆ ಬೇರೆ, ಫ್ರೇಮಿನ ಅಳತೆ ಬೇರೆ. “26 ಇಂಚಿನ ಸೈಕಲ್” ಅಂತ ಅಂಗಡಿಯವರು ಹೇಳೋದು ಚಕ್ರದ್ದು. ನಿಮ್ಮ ಮೈಗೆ ಕೂರಬೇಕಾದದ್ದು ಫ್ರೇಮು. ಅದು ಎಸ್, ಎಂ, ಎಲ್ ಅಂತಲೋ, 14, 16, 18 ಇಂಚು ಅಂತಲೋ ಫ್ರೇಮಿನ ಮೇಲೆ ಅಂಟಿಸಿದ ಸಣ್ಣ ಚೀಟಿಯಲ್ಲಿರುತ್ತದೆ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಬಹಳಷ್ಟು ಒಂದೇ ಫ್ರೇಮಿನ ಅಳತೆಯಲ್ಲಿ ಬರುತ್ತವೆ, ಹೆಚ್ಚಾಗಿ 17, 18 ಇಂಚು. ಅಂದರೆ ಐದೂವರೆ ಅಡಿ ದಾಟಿದ ಗಂಡಸರಿಗೆ ಮಾಡಿದ್ದು. 5 ಅಡಿಯಿಂದ 5 ಅಡಿ 3 ಇಂಚಿನವರಿಗೆ ಸಾಮಾನ್ಯವಾಗಿ 14–15 ಇಂಚಿನ ಫ್ರೇಮು ಹೊಂದುತ್ತದೆ. 5 ಅಡಿ 4ರಿಂದ 6 ಇಂಚಿನವರಿಗೆ 16ರ ಆಸುಪಾಸು. ಇದು ಅಂದಾಜು ಅಷ್ಟೇ. ಒಂದೊಂದು ಕಂಪನಿ ಒಂದೊಂದು ಥರ ಅಳೆಯುತ್ತದೆ, ಚೂಡಿದಾರದ ಎಂ, ಎಲ್ ಇದ್ದ ಹಾಗೆ. ಹಾಕಿ ನೋಡಲೇಬೇಕು.

ಹಾಕಿ ನೋಡೋದು ಹೇಗೆ? ಓಡಿಸುವಾಗ ಹಾಕಿಕೊಳ್ಳುವ ಬೂಟನ್ನೇ ಹಾಕಿಕೊಂಡು ಹೋಗಿ. ಸೈಕಲ್ಲಿನ ಮಧ್ಯದ ಕಂಬಿಯ ಎರಡೂ ಕಡೆ ಕಾಲಿಟ್ಟು, ಸೀಟಿನ ಮುಂದೆ ನೆಲಕ್ಕೆ ಪಾದ ಊರಿ ನಿಲ್ಲಿ. ಕಂಬಿಗೂ ನಿಮಗೂ ಮಧ್ಯೆ ಕನಿಷ್ಠ 2 ಇಂಚು ಜಾಗ ಇರಲೇಬೇಕು. ಮಣ್ಣುದಾರಿಯಲ್ಲಿ ಗಕ್ಕನೆ ನಿಲ್ಲಿಸಿ ಇಳಿಯಬೇಕಾದಾಗ ಆ 2 ಇಂಚಿನ ಬೆಲೆ ಗೊತ್ತಾಗುತ್ತದೆ! ತಾಗುತ್ತಿದ್ದರೆ, ಎಷ್ಟೇ ಡಿಸ್ಕೌಂಟ್ ಇರಲಿ, ಬೇಡ ಅನ್ನಿ. “ಸೀಟು ಇಳಿಸಿಕೊಡ್ತೀನಿ ಮೇಡಂ” ಅಂತಾರೆ. ಸೀಟು ಇಳಿಯುತ್ತದೆ, ಕಂಬಿ ಇಳಿಯೋದಿಲ್ಲ.

ಆಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಪೂರ್ತಿ ಚಾಚಿ ಬಿಗಿಯಾಗಿ, ಭುಜ ಕಿವಿ ಹತ್ತಿರ ಬಂದಿದ್ದರೆ ಸೈಕಲ್ಲು ನಿಮಗೆ ಉದ್ದ. ಅಂಗೈ ಜೋಮು, ಕತ್ತು ನೋವು ಬರೋದು ಇದರಿಂದಲೇ. ಒಂದು ಸ್ವಲ್ಪ ಉದ್ದವಾದರೆ ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ‘ಸ್ಟೆಮ್’ ಅನ್ನೋ ಭಾಗವನ್ನ ಗಿಡ್ಡದ್ದು ಹಾಕಿಸಬಹುದು, ದೊಡ್ಡ ಖರ್ಚಲ್ಲ. ತುಂಬಾ ಉದ್ದ ಆದರೆ ಬೇರೆ ಅಳತೆಯೇ ಬೇಕು.

ಇನ್ನು ಮಂಡಿ ನೋವಿನ ವಿಷಯ. ನಮ್ಮಲ್ಲಿ ಹೆಚ್ಚಿನ ಹೆಂಗಸರು ಮಾಡೋ ಕೆಲಸ ಏನೆಂದರೆ, ಕೂತಲ್ಲೇ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸಿಕೊಳ್ಳೋದು. ಬೀಳುವ ಭಯ, ಸಹಜ. ಆದರೆ ಹಾಗೆ ಕೂತರೆ ಪ್ರತಿ ಸಲ ಪೆಡಲ್ ತುಳಿದಾಗಲೂ ಮಂಡಿ ಅತಿಯಾಗಿ ಮಡಚಿ, ಅದರ ಮೇಲೆ ಭಾರ ಬೀಳುತ್ತದೆ. ಸರಿಯಾದ ಎತ್ತರ ನೋಡೋಕೆ ಸುಲಭದ ಉಪಾಯವಿದೆ. ಯಾರಾದರೂ ಸೈಕಲ್ ಹಿಡಿದಿರಲಿ, ನೀವು ಕೂತು ಒಂದು ಪೆಡಲನ್ನ ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಎಂದಿನಂತೆ ಪಾದದ ಮುಂಭಾಗ ಇಟ್ಟರೆ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಅದೇ ಸರಿ. ಈ ಎತ್ತರದಲ್ಲಿ ಕೂತಲ್ಲಿಂದಲೇ ಪಾದ ನೆಲಕ್ಕೆ ಸಿಗೋದಿಲ್ಲ, ತುದಿಬೆರಳು ಮಾತ್ರ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯೋದನ್ನ ಖಾಲಿ ಮೈದಾನದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿ. ಭಯ ಇದ್ದರೆ ಮೊದಲು ಎರಡು ಬೆರಳಷ್ಟು ಕೆಳಗಿಟ್ಟು, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿಕೊಳ್ಳಿ. ನಾಚಿಕೆ ಏನಿಲ್ಲ. ಎಲ್ಲರೂ ಕಲಿತಿದ್ದು ಹಾಗೇ.

ಗುಲಾಬಿ ಬಣ್ಣ ಬಳಿದು ‘ಲೇಡೀಸ್ ಮಾಡೆಲ್’ ಅಂತ ಬರೆದಿದ್ದರೆ ಅದು ಅಳತೆ ಆಗೋದಿಲ್ಲ. ಮೇಲಿನ ಪರೀಕ್ಷೆಗಳನ್ನ ಅದರ ಮೇಲೂ ಮಾಡಿ.

ಮುಂದಿನ ಸ್ಪ್ರಿಂಗು ಯಾರಿಗಾಗಿ?

ಕಡಿಮೆ ಬೆಲೆಯ ಹಾರ್ಡ್‌ಟೇಲಿನ ದೊಡ್ಡ ಆಕರ್ಷಣೆ ಮುಂದಿನ ಸಸ್ಪೆನ್ಷನ್ ಫೋರ್ಕು. ಇಲ್ಲೇ ನಾವು, ಅಂದರೆ ಹಗುರ ಮೈಯವರು, ಹೆಚ್ಚು ಮೋಸ ಹೋಗೋದು. ಈ ಬೆಲೆಯ ಫೋರ್ಕುಗಳ ಒಳಗಿರೋದು ಉಕ್ಕಿನ ಸುರುಳಿ ಸ್ಪ್ರಿಂಗು. ಅದನ್ನ ಸಾಮಾನ್ಯವಾಗಿ 70–75 ಕೆ.ಜಿ. ತೂಕದವರನ್ನ ಲೆಕ್ಕದಲ್ಲಿಟ್ಟು ಹಾಕಿರುತ್ತಾರೆ. ನೀವು 50 ಕೆ.ಜಿ. ಇದ್ದರೆ ಅದು ಹೆಚ್ಚಾಗಿ ಬಗ್ಗೋದೇ ಇಲ್ಲ! ಎರಡೂವರೆ ಕೆ.ಜಿ. ಕಬ್ಬಿಣ ಹೊತ್ತುಕೊಂಡು ತಿರುಗಿದ್ದಷ್ಟೇ ಬಂತು.

ಅಂಗಡಿಯಲ್ಲೇ ಪರೀಕ್ಷಿಸಿ. ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ನಿಮ್ಮ ಮೈಭಾರ ಹಾಕಿ ಒತ್ತಿ. ಫೋರ್ಕು ಮುಕ್ಕಾಲು ಭಾಗವಾದರೂ ಕೆಳಗಿಳಿಯಬೇಕು, ಆಮೇಲೆ ಸಮಾಧಾನವಾಗಿ ಮೇಲೆ ಬರಬೇಕು. ಬೆರಳಗಲ ಇಳಿದು ನಿಂತರೆ ಅದು ನಿಮಗಲ್ಲ. ಇಳಿದದ್ದು ಚಂಡಿನ ಹಾಗೆ ಟಣ್ ಅಂತ ಪುಟಿದರೂ ಒಳ್ಳೆಯದಲ್ಲ, ಕಲ್ಲಿನ ದಾರಿಯಲ್ಲಿ ಹ್ಯಾಂಡಲ್ಲನ್ನ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಫೋರ್ಕಿನ ಎಡಗಡೆ ತಲೆ ಮೇಲೆ ತಿರುಗಿಸುವ ಗುಂಡಿ ಇದ್ದರೆ ಅದನ್ನ ಮೈನಸ್ ಕಡೆಗೆ ಪೂರ್ತಿ ತಿರುಗಿಸಿ ಇನ್ನೊಮ್ಮೆ ನೋಡಿ. ಅದು ಸ್ಪ್ರಿಂಗಿನ ಬಿಗಿ ಸ್ವಲ್ಪ ಸಡಿಲಿಸುತ್ತದೆ. ಬಲಗಡೆಯದ್ದು ‘ಲಾಕೌಟ್’, ಡಾಂಬರಿನ ಮೇಲೆ ಹೋಗುವಾಗ ಫೋರ್ಕು ಕುಣಿಯದ ಹಾಗೆ ಹಿಡಿದಿಡೋಕೆ. ಕೆಲಸಕ್ಕೆ ಬರುತ್ತದೆ.

ಸ್ಪ್ರಿಂಗಿನ ಬದಲು ಗಾಳಿ ತುಂಬುವ ‘ಏರ್ ಫೋರ್ಕ್’ ಇದ್ದರೆ ನಿಮ್ಮ ತೂಕಕ್ಕೆ ತಕ್ಕ ಹಾಗೆ ಗಾಳಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಹಗುರ ಮೈಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇದು ಮೊದಲ ಹಂತದ ಬೆಲೆಯಲ್ಲಿ ಅಪರೂಪ. ಬಜೆಟ್ ಅಷ್ಟಿಲ್ಲದಿದ್ದರೆ ನನ್ನ ಅಭಿಪ್ರಾಯ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಸಸ್ಪೆನ್ಷನ್ನೇ ಇಲ್ಲದ, ಗಟ್ಟಿ ಫೋರ್ಕಿನ, ದಪ್ಪ ಟಯರಿನ ಸೈಕಲ್ ಸಿಕ್ಕರೆ ಅದನ್ನೇ ತಗೊಳ್ಳಿ. ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ಜಲ್ಲಿಯ ಕುಲುಕಾಟವನ್ನ ಅದೇ ನುಂಗುತ್ತದೆ. ಸೈಕಲ್ ಹಗುರ, ಕೆಡೋಕೆ ಏನೂ ಇಲ್ಲ. ಉಳಿದ ದುಡ್ಡು ಒಳ್ಳೆ ಬ್ರೇಕಿಗೆ ಹೋಗಲಿ.

ಬ್ರೇಕು: ನಿಮ್ಮ ಬೆರಳನ್ನ ಕೇಳಿ

ಡಿಸ್ಕ್ ಬ್ರೇಕ್ ಅಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ಕಡಿಮೆ ಬೆಲೆಯದ್ದರಲ್ಲಿ ಇರೋದು ಕೇಬಲ್ಲಿನಿಂದ ಎಳೆಯುವ ಮೆಕ್ಯಾನಿಕಲ್ ಡಿಸ್ಕ್. ಇದನ್ನ ಹಿಡಿಯೋಕೆ ಬೆರಳಿಗೆ ಬಲ ಬೇಕು, ಆಗಾಗ ಬಿಗಿ ಮಾಡಿಸುತ್ತಲೂ ಇರಬೇಕು. ದುಬಾರಿಯಾದ್ದರಲ್ಲಿ ಎಣ್ಣೆ ಒತ್ತಡದ ಹೈಡ್ರಾಲಿಕ್ ಡಿಸ್ಕ್ ಇರುತ್ತದೆ, ಒಂದು ಬೆರಳಲ್ಲಿ ಒತ್ತಿದರೂ ಗಾಡಿ ನಿಲ್ಲುತ್ತದೆ. ಮಲೆನಾಡಿನ ಮಳೆ, ಕೆಸರು, ಉದ್ದ ಇಳಿಜಾರು ನಿಮ್ಮ ದಾರಿಯಾದರೆ ಹೈಡ್ರಾಲಿಕ್ ಬ್ರೇಕಿಗಾಗಿ ಇನ್ನೊಂದೆರಡು ತಿಂಗಳು ದುಡ್ಡು ಕೂಡಿಸೋದು ವಾಸಿ. ಬಯಲುಸೀಮೆಯ ಒಣ ರಸ್ತೆಗಾದರೆ ಚಕ್ರದ ರಿಮ್ಮನ್ನೇ ಹಿಡಿಯುವ ಹಳೇ ನಮೂನೆಯ ವಿ-ಬ್ರೇಕ್ ಧಾರಾಳ ಸಾಕು. ಅಗ್ಗದ ಡಿಸ್ಕಿಗಿಂತ ಒಳ್ಳೆ ವಿ-ಬ್ರೇಕ್ ಎಷ್ಟೋ ಮೇಲು, ರಿಪೇರಿಯೂ ಸುಲಭ.

ನಮ್ಮ ಕೈ ಚಿಕ್ಕದು. ಬೆರಳು ಲಿವರಿಗೆ ಎಟುಕುತ್ತದಾ ನೋಡಿ. ಎಟುಕದಿದ್ದರೆ ಲಿವರಿನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನ ತಿರುಗಿಸಿದರೆ ಲಿವರು ಹ್ಯಾಂಡಲಿಗೆ ಹತ್ತಿರ ಬರುತ್ತದೆ. ಬಹಳಷ್ಟು ಅಂಗಡಿಯವರು ಇದನ್ನ ಹೇಳೋದೇ ಇಲ್ಲ, ಕೇಳಿ ಮಾಡಿಸಿಕೊಳ್ಳಿ.

ಇನ್ನೊಂದು, ಇದು ಜೀವಕ್ಕೆ ಸಂಬಂಧಿಸಿದ್ದು. ನೀವು ಸ್ಕೂಟಿ ಓಡಿಸುವವರಾದರೆ ಬಲಗೈ ಬ್ರೇಕು ಮುಂದಿನದ್ದು, ಎಡಗೈಯದ್ದು ಹಿಂದಿನದ್ದು ಅಂತ ಕೈಗೆ ರೂಢಿಯಾಗಿರುತ್ತದೆ. ಕೆಲವು ಸೈಕಲ್ಲುಗಳು ಇದಕ್ಕೆ ಉಲ್ಟಾ ಬರುತ್ತವೆ. ಇಳಿಜಾರಲ್ಲಿ ಗಾಬರಿಯಾಗಿ ಎಡಗೈ ಬ್ರೇಕ್ ಗಟ್ಟಿಯಾಗಿ ಹಿಡಿದಾಗ ಮುಂದಿನ ಚಕ್ರ ನಿಂತುಬಿಟ್ಟರೆ ನೀವು ಹ್ಯಾಂಡಲ್ ದಾಟಿ ಮುಂದಕ್ಕೆ! ಕೊಳ್ಳುವಾಗಲೇ ಯಾವ ಲಿವರು ಯಾವ ಚಕ್ರದ್ದು ಅಂತ ಒತ್ತಿ ನೋಡಿ. ಉಲ್ಟಾ ಇದ್ದರೆ ನಿಮ್ಮ ರೂಢಿಗೆ ಬದಲಿಸಿಕೊಡಲು ಹೇಳಿ.

ಗೇರಿನ ಲೆಕ್ಕ

21 ಗೇರು ಅಂದರೆ ಮುಂದೆ 3, ಹಿಂದೆ 7 ಹಲ್ಲುಚಕ್ರ. ಗುಣಿಸಿ 21, ಅಷ್ಟೇ. ಅದರಲ್ಲಿ ಎಷ್ಟೋ ಗೇರುಗಳು ಹೆಚ್ಚುಕಡಿಮೆ ಒಂದೇ. ಈಗ ಮುಂದೆ ಒಂದೇ ಚಕ್ರ ಇಟ್ಟು ಹಿಂದೆ 8, 9, 10 ಕೊಡುವ ಸೈಕಲ್ಲುಗಳು ಹೆಚ್ಚಾಗುತ್ತಿವೆ. ಒಂದೇ ಕೈಯಲ್ಲಿ ಗೇರು, ತಲೆನೋವಿಲ್ಲ. ಹೊಸಬರಿಗೆ ಚೆನ್ನ. ಹಾಗಾದರೆ ಸಂಖ್ಯೆ ಬಿಟ್ಟು ನೋಡಬೇಕಾದ್ದೇನು? ಹಲ್ಲು! ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳನ್ನ ಎಣಿಸಿ, ಹಿಂದಿನ ಅತಿ ದೊಡ್ಡ ಚಕ್ರದ್ದನ್ನೂ ಎಣಿಸಿ. ಏರು ದಾರಿ ಇರುವವರಿಗೆ ಹಿಂದಿನದ್ದು ಮುಂದಿನದ್ದಕ್ಕಿಂತ ಚೆನ್ನಾಗಿಯೇ ಹೆಚ್ಚಿರಬೇಕು. ಮುಂದೆ 24, ಹಿಂದೆ 34 ಇದ್ದರೆ ಕಡಿದಾದ ಏರನ್ನೂ ಕೂತೇ ಹತ್ತಬಹುದು. ಮುಂದೆ ಒಂದೇ ಚಕ್ರ 32 ಹಲ್ಲಿನದ್ದು, ಹಿಂದೆ 34 ಆದರೆ ಅದೇ ಏರಲ್ಲಿ ಇಳಿದು ತಳ್ಳಬೇಕಾದೀತು.

ಗೇರಿನ ಹೆಸರುಗಳಲ್ಲಿ ನಿಮಗೆ ಹೆಚ್ಚು ಕೇಳಿಸೋದು ಜಪಾನಿನ ಶಿಮಾನೋ. ಅದರಲ್ಲೂ ಮೆಟ್ಟಿಲುಗಳಿವೆ. ಟೂರ್ನಿ ಎಲ್ಲಕ್ಕಿಂತ ಕೆಳಗಿನದ್ದು, ಅದರ ಮೇಲೆ ಆಲ್ಟಸ್, ಅಸೇರಾ, ಅಲಿವಿಯೋ, ಡಿಯೋರ್. ಬರೀ “ಶಿಮಾನೋ ಗೇರು” ಅಂದರೆ ಟೂರ್ನಿಯೂ ಇರಬಹುದು, ಡಿಯೋರೂ ಇರಬಹುದು. ಯಾವುದು ಅಂತ ಕೇಳಿ. ಇನ್ನೊಂದು ಚಾಲಾಕಿ ಗೊತ್ತಿರಲಿ. ಎದುರಿಗೆ ಕಾಣಿಸುವ ಹಿಂದಿನ ಡಿರೇಲರ್ ಮಾತ್ರ ಮೇಲಿನ ದರ್ಜೆಯದ್ದು ಹಾಕಿ, ಮಿಕ್ಕಿದ್ದೆಲ್ಲ ಕೆಳಗಿನದ್ದು ಹಾಕಿರುತ್ತಾರೆ. ಸೀರೆಗೆ ಸೆರಗು ಮಾತ್ರ ಜರಿ ಇದ್ದ ಹಾಗೆ.

ಚಕ್ರದ ವಿಷಯಕ್ಕೆ ಬಂದರೆ 26, 27.5, 29 ಇಂಚು ಅಂತ ಮೂರಿವೆ. ದೊಡ್ಡ ಚಕ್ರ ಕಲ್ಲು ಗುಂಡಿಗಳನ್ನ ಸಲೀಸಾಗಿ ದಾಟುತ್ತದೆ ನಿಜ. ಆದರೆ 5 ಅಡಿ 3 ಇಂಚಿನ ಒಳಗಿನವರಿಗೆ 29ರ ಸೈಕಲ್ಲಿನಲ್ಲಿ ಹ್ಯಾಂಡಲ್ ಎತ್ತರವಾಗಿ, ತಿರುವಿನಲ್ಲಿ ಭಾರ ಅನ್ನಿಸುತ್ತದೆ. 27.5 ಅಥವಾ 26 ಹಿತ. ಸಣ್ಣ ಊರಿನವರು ಕೊಳ್ಳುವ ಮೊದಲು ನಿಮ್ಮೂರಿನ ಸೈಕಲ್ ಶಾಪಿನಲ್ಲಿ ಆ ಅಳತೆಯ ಟ್ಯೂಬು ಸಿಗುತ್ತದಾ ವಿಚಾರಿಸಿ. ಒಂದು ಟ್ಯೂಬಿಗಾಗಿ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತೋದು ಯಾರಿಗೆ ಬೇಕು?

ದುಡ್ಡು ಎಷ್ಟಾಗುತ್ತೆ?

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ, ಅದರಲ್ಲಿ ಎಷ್ಟು ಹಾಕಿದ್ದಾರೆ ನೋಡಿ. ಸುಮಾರು 10ರಿಂದ 15 ಸಾವಿರದೊಳಗೆ ಹಾರ್ಡ್‌ಟೇಲ್ ಅಂತ ಸಿಗೋದರಲ್ಲಿ ಫೋರ್ಕೂ ಡಿಸ್ಕೂ ಹೆಚ್ಚಾಗಿ ತೋರಿಕೆಗೆ. ಇಷ್ಟೇ ಬಜೆಟ್ ಆದರೆ ಗಟ್ಟಿ ಫೋರ್ಕು, ವಿ-ಬ್ರೇಕು, ಸರಿಯಾದ ಅಳತೆ ಹುಡುಕಿ. 20ರಿಂದ 35 ಸಾವಿರದ ಮಟ್ಟದಲ್ಲಿ ಅಲಾಯ್ ಫ್ರೇಮು, ಎರಡು ಮೂರು ಅಳತೆಗಳ ಆಯ್ಕೆ, ಸಾಧಾರಣ ಒಳ್ಳೆಯ ಬ್ರೇಕು ಸಿಗುತ್ತವೆ. ನಿಜವಾಗಿ ಮಣ್ಣುದಾರಿಗೆ ಇಳಿಯುವವರು ಇಲ್ಲಿಂದ ಶುರುಮಾಡೋದು ಸರಿ. ಅದಕ್ಕಿಂತ ಮೇಲೆ ಹೋದರೆ ಹೈಡ್ರಾಲಿಕ್ ಬ್ರೇಕು, ಚಿಕ್ಕ ಅಳತೆಯ ಫ್ರೇಮು, ಅದೃಷ್ಟ ಇದ್ದರೆ ಏರ್ ಫೋರ್ಕು. ಒಂದೇ ಬೆಲೆಯ ಎರಡು ಸೈಕಲ್ ಮುಂದಿದ್ದು ಮನಸ್ಸು ಹೊಯ್ದಾಡುತ್ತಿದ್ದರೆ, ಮೈಗೆ ಸರಿಯಾಗಿ ಕೂತದ್ದನ್ನೇ ಆರಿಸಿ, ಗೇರು ಒಂದು ಮೆಟ್ಟಿಲು ಕೆಳಗಿನದ್ದಾದರೂ ಸರಿ. ಗೇರು ಮುಂದೆ ಬದಲಿಸಬಹುದು, ಬ್ರೇಕೂ ಬದಲಿಸಬಹುದು. ಫ್ರೇಮು ಬದಲಿಸಿದರೆ ಅದು ಹೊಸ ಸೈಕಲ್ಲೇ.

ಎಲ್ಲ ದುಡ್ಡನ್ನೂ ಸೈಕಲ್ಲಿಗೇ ಸುರಿಯಬೇಡಿ. ಹೆಲ್ಮೆಟ್ಟು, ಮುಂದಿನ ಹಿಂದಿನ ಲೈಟು, ಬೀಗ, ಕೈಪಂಪು, ಒಂದು ಟ್ಯೂಬು, ಮಡ್‌ಗಾರ್ಡ್... ಇವಕ್ಕೆ ಮೂರು ನಾಲ್ಕು ಸಾವಿರ ಬದಿಗಿಡಿ. ಇಂಥ ಸೈಕಲ್ಲುಗಳಿಗೆ ಹೆಚ್ಚಾಗಿ ಸ್ಟ್ಯಾಂಡೂ ಬೆಲ್ಲೂ ಇರೋದಿಲ್ಲ, ನೆನಪಿರಲಿ.

ತೂಕವನ್ನೂ ಎತ್ತಿ ನೋಡಿ. ಈ ಬೆಲೆಯ ಹಾರ್ಡ್‌ಟೇಲುಗಳು 14ರಿಂದ 16 ಕೆ.ಜಿ. ತೂಗುತ್ತವೆ, ಹೆಚ್ಚುಕಡಿಮೆ ನಮ್ಮ ಅಡುಗೆಮನೆಯ ಖಾಲಿ ಗ್ಯಾಸ್ ಸಿಲಿಂಡರಿನಷ್ಟು. ಲಿಫ್ಟಿಲ್ಲದ ಎರಡನೇ ಮಹಡಿಯ ಮನೆಯಾದರೆ ದಿನಾ ಬೆಳಿಗ್ಗೆ ಅದನ್ನ ಇಳಿಸಿ, ಹತ್ತಿಸಿ... ಯೋಚಿಸಿ. ಕೆಳಗೆ ಬೀಗ ಹಾಕಿಡೋಕೆ ಜಾಗ ಇದೆಯಾ ಅಂತ ಮನೆ ಮಾಲೀಕರನ್ನ ಮೊದಲೇ ಕೇಳಿಟ್ಟುಕೊಳ್ಳೋದು ಒಳ್ಳೆಯದು.

ದುಪಟ್ಟಾ ಮತ್ತು ಚೈನು

ಶಾಲೆಗೆ ಹೋಗುವಾಗ ನಾವು ತುಳಿದ ಲೇಡೀಸ್ ಸೈಕಲ್ಲಿಗೆ ಚೈನ್ ಮುಚ್ಚುವ ಕವರಿತ್ತು. ಹಾರ್ಡ್‌ಟೇಲಿಗೆ ಅದಿಲ್ಲ. ಚೂಡಿದಾರದ ಪ್ಯಾಂಟಿನ ಅಂಚು ಬಲಗಡೆ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡರೆ ಬಟ್ಟೆ ಹರಿಯೋದಷ್ಟೇ ಅಲ್ಲ, ಬೀಳುತ್ತೀರಿ. ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿದರಂತೂ ಕತ್ತಿಗೇ ಅಪಾಯ. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಎಲ್ಲಕ್ಕಿಂತ ಸುರಕ್ಷಿತ. ಮನೆಯಲ್ಲಿ ಹಿರಿಯರಿದ್ದು ಅದು ಕಷ್ಟ ಅನ್ನುವವರು ಕುರ್ತಾ ಮೊಣಕಾಲವರೆಗಿನದ್ದು ಹಾಕಿ, ಬಲಗಾಲಿನ ಪ್ಯಾಂಟಿಗೆ ಅಗಲ ಎಲಾಸ್ಟಿಕ್ ಪಟ್ಟಿ ಬಿಗಿದುಕೊಳ್ಳಿ. ದುಪಟ್ಟಾ ಬ್ಯಾಗಿನೊಳಗಿರಲಿ.

ಹೊಸದರಲ್ಲಿ ಕೂರೋ ಜಾಗ ನೋಯುತ್ತದೆ. ಎರಡು ಮೂರು ವಾರದಲ್ಲಿ ಹೋಗುತ್ತದೆ. ಆದರೆ ಮರಗಟ್ಟಿದ ಹಾಗಾದರೆ ಸಹಿಸಿಕೊಂಡು ಕೂರಬೇಡಿ, ಸೀಟಿನ ಮೂತಿ ಒಂದು ಚೂರು ಕೆಳಗೆ ಬಾಗಿಸಿ ನೋಡಿ. ಆಗಲೂ ಹೋಗದಿದ್ದರೆ ಸೀಟೇ ಬದಲಿಸಿ. ನಮ್ಮ ಸೊಂಟದ ಮೂಳೆಗಳ ಅಂತರ ಗಂಡಸರಿಗಿಂತ ಸಾಮಾನ್ಯವಾಗಿ ಅಗಲ, ಸೈಕಲ್ ಜೊತೆ ಬಂದ ಸಪೂರ ಸೀಟು ಎಲ್ಲರಿಗೂ ಒಗ್ಗೋದಿಲ್ಲ. ಹಾಗಂತ ಸೋಫಾದಂಥ ಮೆತ್ತನೆ ಸೀಟನ್ನೂ ಹಾಕಿಸಬೇಡಿ. ಹತ್ತು ಕಿಲೋಮೀಟರ್ ದಾಟಿದರೆ ಅದೇ ಉಜ್ಜಿ ಹುಣ್ಣು ಮಾಡುತ್ತದೆ.

ಡಬ್ಬದಲ್ಲಿ ಬಂದರೆ...

ಆನ್‌ಲೈನಲ್ಲಿ ತರಿಸಿದರೆ ಎರಡು ಮೂರು ಸಾವಿರ ಉಳಿಯಬಹುದು. ಆದರೆ ಕೂತು ನೋಡದೆ ಸೈಕಲ್ ಕೊಳ್ಳೋದು ನನಗಂತೂ ಇಷ್ಟವಿಲ್ಲ. ತರಿಸಿಯೇ ತೀರುವವರು, ಅದೇ ಮಾಡೆಲ್ಲನ್ನ ಅದೇ ಅಳತೆಯಲ್ಲಿ ಎಲ್ಲಾದರೂ ಕೂತು ನೋಡಿ ಆಮೇಲೆ ಆರ್ಡರ್ ಮಾಡಿ. ಡಬ್ಬದಲ್ಲಿ ಅರ್ಧಂಬರ್ಧ ಜೋಡಿಸಿದ ಸೈಕಲ್ ಬರುತ್ತದೆ. ಮನೆಯಲ್ಲಿ ಜೋಡಿಸುವವರು ಮಾಡುವ ದೊಡ್ಡ ತಪ್ಪು, ಫೋರ್ಕನ್ನ ಹಿಂದುಮುಂದಾಗಿ ತಿರುಗಿಸಿ ಕೂರಿಸೋದು. ನೀವು ಸೈಕಲ್ ಮೇಲೆ ಕೂತಾಗ ಮುಂದಿನ ಡಿಸ್ಕ್ ನಿಮ್ಮ ಎಡಗಡೆ ಇರಬೇಕು, ಬ್ರೇಕಿನ ಹಿಡಿಕೆ ಭಾಗ ಫೋರ್ಕಿನ ಕಾಲಿನ ಹಿಂದೆ ಇರಬೇಕು. ಎಡಗಡೆ ಪೆಡಲ್ಲಿನ ಮರೆ ಉಲ್ಟಾ ತಿರುಗುತ್ತದೆ ಅನ್ನೋದೂ ಗೊತ್ತಿರಲಿ. ಎಲ್, ಆರ್ ಅಂತ ಬರೆದಿರುತ್ತದೆ, ನೋಡದೆ ಬಲವಂತ ಮಾಡಿದರೆ ಮರೆ ತಿಂದುಹೋಗಿ ಇಡೀ ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ. ಇನ್ನೂರು ಮುನ್ನೂರು ಕೊಟ್ಟು ಮೆಕ್ಯಾನಿಕ್ ಹತ್ತಿರ ಜೋಡಿಸೋದೇ ಕ್ಷೇಮ.

ಮನೆಗೆ ಬಂದ ಮೇಲಿನ ಆರೈಕೆ ಬಹಳವಿಲ್ಲ. ಈ ಸೈಕಲ್ಲುಗಳ ಟ್ಯೂಬಿಗೆ ಹೆಚ್ಚಾಗಿ ಸ್ಕೂಟರಿನಂಥದ್ದೇ ವಾಲ್ವ್ ಇರುತ್ತದೆ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಬಹುದು. ಆದರೆ ಬಂಕಿನವರು ಸ್ಕೂಟರ್ ಲೆಕ್ಕದಲ್ಲಿ ಹೊಡೆದುಬಿಡುತ್ತಾರೆ, ಎಷ್ಟು ಬೇಕು ಅಂತ ನೀವೇ ಹೇಳಿ. ಮಿತಿ ಎಷ್ಟೆಂದು ಟಯರಿನ ಪಕ್ಕದಲ್ಲೇ ಬರೆದಿರುತ್ತದೆ. ಹಗುರ ಮೈಯವರು ಮಣ್ಣುದಾರಿಗೆ ಕೆಳಗಿನ ಮಿತಿಯ ಹತ್ತಿರ, ಡಾಂಬರಿಗೆ ಅದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಸರಿ. ಮಳೆಯಲ್ಲಿ ನೆನೆದ ಚೈನನ್ನ ಒಣ ಬಟ್ಟೆಯಿಂದ ಒರೆಸಿ, ಸೈಕಲ್ ಚೈನಿಗೆಂದೇ ಸಿಗುವ ಎಣ್ಣೆ ಹನಿ ಹನಿಯಾಗಿ ಹಾಕಿ, ಹೆಚ್ಚಾದದ್ದನ್ನ ಒರೆಸಿಬಿಡಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ, ಧೂಳು ಮೆತ್ತಿಕೊಂಡು ಅಂಟಾಗುತ್ತದೆ. ಆ ಎಣ್ಣೆಯ ಒಂದು ಹನಿಯೂ ಡಿಸ್ಕಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಬಿದ್ದರೆ ಬ್ರೇಕು ಹಿಡಿಯೋದಿಲ್ಲ, ಪ್ಯಾಡನ್ನೇ ಬದಲಿಸಬೇಕಾಗಬಹುದು.

ಮೊದಲ ತಿಂಗಳಲ್ಲಿ ಕೇಬಲ್ಲುಗಳು ಹಿಗ್ಗಿ ಗೇರು ತಾನಾಗಿ ಹಾರುತ್ತದೆ, ಬ್ರೇಕು ಸಡಿಲವಾಗುತ್ತದೆ. ಕೆಟ್ಟುಹೋಯಿತು ಅಂತ ಮೂಲೆಗೆ ಒರಗಿಸಬೇಡಿ, ಎಲ್ಲ ಹೊಸ ಸೈಕಲ್ಲೂ ಹೀಗೇ. ಬಹಳಷ್ಟು ಅಂಗಡಿಗಳು ಮೊದಲ ಸರ್ವಿಸ್ ಪುಕ್ಕಟೆ ಮಾಡಿಕೊಡುತ್ತವೆ. ಕೊಳ್ಳುವಾಗಲೇ ಅದನ್ನ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಸರ್ವಿಸಿಗೆ ಹೋಗುವ ದಿನ ಸೈಕಲ್ಲನ್ನ ಮಗನ ಕೈಯಲ್ಲಿ ಕಳಿಸಬೇಡಿ, ನೀವೇ ತುಳಿದುಕೊಂಡು ಹೋಗಿ. ಎಲ್ಲಿ ಸದ್ದು ಬರುತ್ತದೆ, ಎಲ್ಲಿ ನೋಯುತ್ತದೆ ಅಂತ ಹೇಳಬೇಕಾದವರು ನೀವು ತಾನೆ?